ರಾಂಪುರದ ನೆನಪು, ಸ್ಟ್ಯಾನ್‌ಫರ್ಡಿನ ಬೆಂಕಿ: ಎಂ. ಎನ್. ಶ್ರೀನಿವಾಸ್ ಅವರ ಪರದೇಶವಾಸ

ಮೈಸೂರು ಸೀಮೆಯ ಒಂದು ಹಳ್ಳಿಯನ್ನು ಕುರಿತು ಬಂದ ಗ್ರಂಥಗಳಲ್ಲಿ ಜಗತ್ತಿನ ವಿದ್ವಾಂಸರು ಹೆಚ್ಚಾಗಿ ಓದಿರುವುದು ‘ದಿ ರಿಮೆಂಬರ್ಡ್ ವಿಲೇಜ್’. 1976ರಲ್ಲಿ ಪ್ರಕಟವಾದ ಈ ಗ್ರಂಥದ ಬಹುಭಾಗ ರೂಪುಗೊಂಡದ್ದು ಆ ಹಳ್ಳಿಯಿಂದ ಹಲವು ಸಾವಿರ ಮೈಲಿ ದೂರದಲ್ಲಿ, ಕ್ಯಾಲಿಫೋರ್ನಿಯಾದ ಒಂದು ಗುಡ್ಡದ ಮೇಲಿನ ಅಧ್ಯಯನ ಕೇಂದ್ರದಲ್ಲಿ. ಅದನ್ನು ಬರೆದ ಮೈಸೂರು ನರಸಿಂಹಾಚಾರ್ ಶ್ರೀನಿವಾಸ್ ಅವರ ಮುಂದೆ ಆಗ ಹದಿನೆಂಟು ವರ್ಷ ವಿಂಗಡಿಸಿ ಸಿದ್ಧಪಡಿಸಿದ ಟಿಪ್ಪಣಿಗಳು ಇರಲಿಲ್ಲ, ಅವು ಸುಟ್ಟುಹೋಗಿದ್ದವು. ಸಂಸ್ಕೃತೀಕರಣ, ಪ್ರಬಲ ಜಾತಿ, ಮತಬ್ಯಾಂಕು ಎಂಬ ಪರಿಕಲ್ಪನೆಗಳ ಮೂಲಕ ಶ್ರೀನಿವಾಸ್ ಕನ್ನಡ ಅಧ್ಯಯನ ವಲಯಕ್ಕೆ ಪರಿಚಿತರು. ಆದರೆ ಆ ಪರಿಕಲ್ಪನೆಗಳ ಹಿಂದಿರುವ ಬದುಕು, ಅದರಲ್ಲಿಯೂ ಆಕ್ಸ್‌ಫರ್ಡ್, ಮ್ಯಾಂಚೆಸ್ಟರ್, ಬರ್ಕಲಿ, ಸ್ಟ್ಯಾನ್‌ಫರ್ಡ್‌ಗಳಲ್ಲಿ ಅವರು ಸಂದರ್ಶಕ ಸಂಶೋಧಕರಾಗಿ ಕಳೆದ ದಿನಗಳು, ಅಷ್ಟಾಗಿ ಚರ್ಚೆಗೆ ಒಳಗಾಗಿಲ್ಲ. ಅವರ ಬರವಣಿಗೆಯ ಸ್ವರೂಪವನ್ನು ನಿರ್ಧರಿಸುವಲ್ಲಿ ಈ ಪರದೇಶವಾಸದ ಪಾಲು ಸಣ್ಣದಲ್ಲ.

ಶ್ರೀನಿವಾಸ್ ಹುಟ್ಟಿದ್ದು 1916ರ ನವೆಂಬರ್ 16ರಂದು ಮೈಸೂರಿನಲ್ಲಿ, ಅಯ್ಯಂಗಾರ್ ಮನೆತನದಲ್ಲಿ. ನಾಲ್ವರು ಗಂಡುಮಕ್ಕಳಲ್ಲಿ ಅವರೇ ಕಿರಿಯರು. ಕುಟುಂಬದ ಮೂಲ ಕಾವೇರಿ ಬಯಲಿನ ಅರಕೆರೆ. ಅಲ್ಲಿ ಜಮೀನಿತ್ತು; ತಂದೆ ಮಕ್ಕಳ ವಿದ್ಯಾಭ್ಯಾಸದ ದೃಷ್ಟಿಯಿಂದ ಮೈಸೂರಿಗೆ ಬಂದು ನೆಲೆಸಿ, ಸಂಸ್ಥಾನದ ವಿದ್ಯುತ್ ಇಲಾಖೆಯಲ್ಲಿ ನೌಕರಿ ಹಿಡಿದರು. ಮನೆ ಕಾಲೇಜು ರಸ್ತೆಯಲ್ಲಿತ್ತು. ಓದುಬರಹ ಬಲ್ಲ ಬ್ರಾಹ್ಮಣ ಕುಟುಂಬಗಳೇ ಹೆಚ್ಚಾಗಿದ್ದ ಬೀದಿ ಅದು. ಅದರ ಬೆನ್ನಿಗೇ ಬಂಡಿಕೇರಿ. ಸುತ್ತಲ ಹಳ್ಳಿಗಳಿಂದ ಬಂದು ನೆಲೆಸಿದ ಕುರುಬ ಕುಟುಂಬಗಳ ಕೇರಿ. ಹಿತ್ತಿಲ ಗೋಡೆಯ ಆಚೆ ಕೆಲವೇ ಗಜಗಳ ದೂರದಲ್ಲಿ ಊಟ, ಉಡುಗೆ, ಜಗಳ, ಹಬ್ಬ, ಮಾತಿನ ಧಾಟಿ ಎಲ್ಲವೂ ಬೇರೆಯಾಗಿದ್ದವು. ಅನ್ಯ ಸಂಸ್ಕೃತಿಯೊಂದರ ಮೊದಲ ಬೆರಗು ತಮಗೆ ದೊರೆತದ್ದು ಕಡಲಾಚೆಯಲ್ಲಲ್ಲ, ಈ ಹಿತ್ತಿಲಲ್ಲಿ ಎಂಬುದನ್ನು ಅವರು ತಮ್ಮ ಪ್ರೌಢ ವಯಸ್ಸಿನ ಆತ್ಮಕಥನಾತ್ಮಕ ಲೇಖನದಲ್ಲಿ ದಾಖಲಿಸಿದ್ದಾರೆ. ಮುಂದೆ ಪರದೇಶದ ಯಾವ ಊರಿಗೆ ಹೋದರೂ ಅವರು ನೋಡುತ್ತಿದ್ದದ್ದು ಹೆಚ್ಚುಕಡಿಮೆ ಇದೇ ಹುಡುಗನ ಕಣ್ಣಿನಿಂದ ಎಂದು ಹೇಳಬಹುದು.

ಮಹಾರಾಜ ಕಾಲೇಜಿನಲ್ಲಿ ಅವರು ಆಯ್ದುಕೊಂಡದ್ದು ಸಮಾಜ ತತ್ತ್ವಶಾಸ್ತ್ರದ ಆನರ್ಸ್ ಪದವಿ. ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎ. ಆರ್. ವಾಡಿಯಾ ಅವರ ಕಾಳಜಿಯಿಂದ ರೂಪುಗೊಂಡ ಈ ಪಠ್ಯಕ್ರಮ ಅಂದಿನ ಭಾರತದಲ್ಲಿ ಅಪರೂಪದ್ದು. ತತ್ತ್ವಶಾಸ್ತ್ರ, ಸಮಾಜಶಾಸ್ತ್ರ, ಮಾನವಶಾಸ್ತ್ರಗಳನ್ನು ಒಂದೇ ಪದವಿಯ ಅಡಿಯಲ್ಲಿ ಕಲಿಸಲಾಗುತ್ತಿತ್ತು. 1936ರಲ್ಲಿ ಪದವಿ ಮುಗಿಸಿ ಅವರು ಮುಂಬಯಿಗೆ ಹೋಗಿ ಜಿ. ಎಸ್. ಘುರ್ಯೆ ಅವರ ಶಿಷ್ಯರಾದರು. ಅಲ್ಲಿಯ ಸ್ನಾತಕೋತ್ತರ ಪ್ರಬಂಧ 1942ರಲ್ಲಿ ‘ಮ್ಯಾರೇಜ್ ಅಂಡ್ ಫ್ಯಾಮಿಲಿ ಇನ್ ಮೈಸೂರ್’ ಎಂಬ ಪುಸ್ತಕವಾಯಿತು. ಅದೇ ಕಾಲದಲ್ಲಿ ತಮಿಳು ಮತ್ತು ತೆಲುಗು ಜನಪದ ಗೀತೆಗಳನ್ನು ಕುರಿತೂ ಅವರು ಲೇಖನಗಳನ್ನು ಪ್ರಕಟಿಸಿದರು. ಜಾನಪದದ ಅಧ್ಯಯನಕಾರರು ಅವರನ್ನು ತಮ್ಮವರಲ್ಲೊಬ್ಬರೆಂದು ಹೇಳಿಕೊಳ್ಳಲು ಇಷ್ಟು ಆಧಾರ ಸಾಕು. ಕೊಡವರನ್ನು ಕುರಿತ ಕ್ಷೇತ್ರಕಾರ್ಯ ಅನಾರೋಗ್ಯದಿಂದಾಗಿ ತುಂಡುತುಂಡಾಗಿ ನಡೆಯಿತು. ಹಾಗಿದ್ದರೂ 1944ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಡಾಕ್ಟರೇಟು ದೊರೆಯಿತು. ಮುಂದಿನ ವರ್ಷ ಆಕ್ಸ್‌ಫರ್ಡ್.

1945ರ ಇಂಗ್ಲೆಂಡು ಯುದ್ಧವನ್ನು ಗೆದ್ದು ದಣಿದಿದ್ದ ದೇಶ. ಮಾಂಸ, ಬೆಣ್ಣೆ, ಸಕ್ಕರೆ, ಬಟ್ಟೆ ಎಲ್ಲಕ್ಕೂ ಪಡಿತರ ಚೀಟಿ. ಯುದ್ಧಕಾಲದಲ್ಲಿ ಇಲ್ಲದ ಬ್ರೆಡ್ಡಿನ ಪಡಿತರವೂ 1946ರಲ್ಲಿ ಬಂತು. ಸಸ್ಯಾಹಾರಿಗಳೆಂದು ನೋಂದಾಯಿಸಿಕೊಂಡವರಿಗೆ ಮಾಂಸಕ್ಕೆ ಬದಲಾಗಿ ಒಂದಿಷ್ಟು ಹೆಚ್ಚುವರಿ ಚೀಸ್ ಸಿಗುತ್ತಿತ್ತು. 1947ರ ಆರಂಭದಲ್ಲಿ ಕಲ್ಲಿದ್ದಲಿನ ಕೊರತೆಯೂ ದೀರ್ಘ ಹಿಮಪಾತವೂ ಜೊತೆಗೂಡಿ ಬಂದವು. ಕೋಣೆಗಳನ್ನು ಬೆಚ್ಚಗಿಡುವುದೇ ಆ ದೇಶದ ಜನರಿಗೆ ಕಷ್ಟವಾಯಿತು. ಅನ್ನ, ಸಾರು, ಮಜ್ಜಿಗೆಯ ಮನೆಯಿಂದ ಹೋದ, ಆಗಲೇ ದೇಹಾರೋಗ್ಯ ಅಷ್ಟು ಗಟ್ಟಿಯಿಲ್ಲದ ಒಬ್ಬ ಮೈಸೂರಿಗನಿಗೆ ಆ ವರ್ಷಗಳು ಸುಲಭದವಾಗಿರಲಾರವು. ಆದರೆ ಶ್ರೀನಿವಾಸ್ ತಮ್ಮ ಆಕ್ಸ್‌ಫರ್ಡ್ ವರ್ಷಗಳನ್ನು ನೆನೆಯುವಾಗ ಒತ್ತು ಕೊಡುವುದು ಬೇರೆಯದಕ್ಕೆ. ಅದು ಗುರುಗಳ ಕೋಣೆ, ಅಲ್ಲಿ ನಡೆದ ಚರ್ಚೆ, ಹಳೆಯ ನಂಬಿಕೆಗಳು ಒಂದೊಂದಾಗಿ ಕಳಚಿಕೊಂಡ ಅನುಭವ.

ಅವರು ಹೋದದ್ದು ಎ. ಆರ್. ರಾಡ್‌ಕ್ಲಿಫ್-ಬ್ರೌನ್ ಅವರ ಬಳಿ ಕಲಿಯಲು. ರುತ್ ಬೆನೆಡಿಕ್ಟ್ ಅವರ ಸಂಸ್ಕೃತಿ ವಿನ್ಯಾಸದ ಸಿದ್ಧಾಂತವನ್ನು ದಕ್ಷಿಣ ಭಾರತಕ್ಕೆ ಅನ್ವಯಿಸಬೇಕೆಂಬುದು ಅವರ ಇರಾದೆಯಾಗಿತ್ತು. ಗುರುಗಳಿಗೆ ಅದು ಒಪ್ಪಿಗೆಯಾಗಲಿಲ್ಲ. ಕೊಡವರ ಸಾಮಗ್ರಿ ಹೇಗೂ ಕೈಯಲ್ಲಿದೆ, ಧರ್ಮಕ್ಕೂ ಸಮಾಜ ರಚನೆಗೂ ಇರುವ ಸಂಬಂಧವನ್ನು ಅದರಲ್ಲಿ ಹುಡುಕಬೇಕೆಂದು ಅವರು ಸೂಚಿಸಿದರು. ಒಮ್ಮೆ ಬರೆದು ಮುಗಿಸಿ ಡಾಕ್ಟರೇಟು ಪಡೆದ ಸಾಮಗ್ರಿಯನ್ನು ಮತ್ತೆ ಹರಡಿಕೊಂಡು ಕೂರುವುದು ಯಾವ ಸಂಶೋಧಕನಿಗೂ ರುಚಿಸದ ಕೆಲಸ. ಶ್ರೀನಿವಾಸ್ ಹಿಂಜರಿಕೆಯಿಂದಲೇ ಒಪ್ಪಿದರು. ಕೊಡಗಿನ ಮಂದ್, ಐನ್ ಮನೆ, ಒಕ್ಕ, ಮಡಿ-ಮೈಲಿಗೆಗಳೆಲ್ಲ ಪರದೇಶದ ಕೋಣೆಯೊಂದರಲ್ಲಿ ಹೊಸ ಸಂಬಂಧಗಳೊಡನೆ ಜೋಡಣೆಗೊಂಡವು. 1946ರಲ್ಲಿ ರಾಡ್‌ಕ್ಲಿಫ್-ಬ್ರೌನ್ ನಿವೃತ್ತರಾದ ಮೇಲೆ ಆ ಸ್ಥಾನಕ್ಕೆ ಬಂದ ಇ. ಇ. ಇವಾನ್ಸ್-ಪ್ರಿಚರ್ಡ್ ಅವರ ಮಾರ್ಗದರ್ಶನದಲ್ಲಿ ಪ್ರಬಂಧ ಪೂರ್ಣಗೊಂಡು 1947ರಲ್ಲಿ ಪದವಿ ದೊರೆಯಿತು. 1952ರಲ್ಲಿ ಆಕ್ಸ್‌ಫರ್ಡಿನಿಂದಲೇ ರಾಡ್‌ಕ್ಲಿಫ್-ಬ್ರೌನ್ ಅವರ ಮುನ್ನುಡಿಯೊಡನೆ ಪ್ರಕಟವಾದ ‘ರಿಲಿಜನ್ ಅಂಡ್ ಸೊಸೈಟಿ ಅಮಂಗ್ ದಿ ಕೂರ್ಗ್ಸ್ ಆಫ್ ಸೌತ್ ಇಂಡಿಯಾ’ ಗ್ರಂಥದಲ್ಲಿ ಸಂಸ್ಕೃತೀಕರಣದ ಪರಿಕಲ್ಪನೆ ವಿದ್ವತ್‌ಲೋಕಕ್ಕೆ ಪರಿಚಯವಾಯಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಸಾಮಗ್ರಿಯೂ ಸಮಾಜವೂ ಕರ್ನಾಟಕದ್ದೇ; ಬದಲಾದದ್ದು ಕುಳಿತ ಜಾಗ ಮತ್ತು ಎದುರಿಗಿದ್ದ ಪ್ರಶ್ನೆಗಾರ.

ಇವಾನ್ಸ್-ಪ್ರಿಚರ್ಡ್ ಶ್ರೀನಿವಾಸ್ ಅವರಿಗೆ ಆಕ್ಸ್‌ಫರ್ಡಿನಲ್ಲಿ ಭಾರತೀಯ ಸಮಾಜಶಾಸ್ತ್ರದ ಅಧ್ಯಾಪಕ ಹುದ್ದೆಯನ್ನು ನೀಡಿದರು. ಮೊದಲ ವರ್ಷವನ್ನು ಪಾಠ ಮಾಡದೆ ಕ್ಷೇತ್ರಕಾರ್ಯದಲ್ಲಿ ಕಳೆಯುವ ಅವಕಾಶವೂ ಅದರ ಜೊತೆಗಿತ್ತು. ಸ್ವಾತಂತ್ರ್ಯ ಬಂದ ಮರುವರ್ಷ ಒಬ್ಬ ಮೈಸೂರಿನ ಬ್ರಾಹ್ಮಣ, ಇಂಗ್ಲೆಂಡಿನ ವಿಶ್ವವಿದ್ಯಾನಿಲಯವೊಂದರ ಅಧ್ಯಾಪಕನಾಗಿ, ತನ್ನ ತಂದೆ ಬಿಟ್ಟುಬಂದ ಸೀಮೆಯ ಹಳ್ಳಿಗೆ ಸಂಶೋಧನೆಗೆಂದು ಹೊರಟ. ವಸಾಹತುಶಾಹಿ ಮಾನವಶಾಸ್ತ್ರದ ಚರಿತ್ರೆಯಲ್ಲಿ ಈ ತಿರುವುಮುರುವಿಗೆ ಹೆಚ್ಚು ಉದಾಹರಣೆಗಳಿಲ್ಲ. ಅವರು ‘ರಾಂಪುರ’ ಎಂಬ ಕಲ್ಪಿತ ಹೆಸರಿನಿಂದ ಕರೆದ ಆ ಊರು ಬನ್ನೂರು ಸೀಮೆಯ ಕೊಡಗಹಳ್ಳಿ. ಪೂರ್ವಜರ ಅರಕೆರೆಗೂ ಅದು ದೂರವಲ್ಲ.

1948ರ ಫೆಬ್ರವರಿಯಿಂದ ಸುಮಾರು ಹತ್ತು ತಿಂಗಳ ಕಾಲ ಅವರು ಅಲ್ಲಿದ್ದರು. ಊರ ಗೌಡರ ಎತ್ತಿನ ಮನೆ ಅವರ ವಾಸಸ್ಥಾನ. ಜೊತೆಗೆ ಒಬ್ಬ ಬ್ರಾಹ್ಮಣ ಅಡುಗೆಯವನೂ, ಹಳ್ಳಿಯವರು ಬೆರಗಾಗುವಷ್ಟು ಸಾಮಾನೂ ಬಂದಿದ್ದವು. ಒಂದು ಕಡೆ ದನಗಳ ಉಸಿರು, ಗಂಜಲದ ವಾಸನೆ. ಇನ್ನೊಂದು ಕಡೆ ನೋಟುಪುಸ್ತಕ, ಕ್ಯಾಮೆರಾ. ಬೆಳಗಾದರೆ ಜಗಲಿಯ ಮೇಲೆ ಜನ. ಬರೆಯಲು ಏಕಾಂತವಿಲ್ಲ, ಏಕಾಂತ ಬೇಕೆನ್ನುವುದೇ ಅಲ್ಲಿ ಅರ್ಥವಾಗದ ಮಾತು. ಸ್ನಾನ ಮಾಡಿದ ಮೇಲೆ ಮುಖಕ್ಷೌರ ಮಾಡಿಕೊಳ್ಳುತ್ತಿದ್ದುದನ್ನು ಕಂಡ ಊರಿನ ಹಿರಿಯರು ಆಕ್ಷೇಪಿಸಿದರು. ಕ್ಷೌರ ಮೈಲಿಗೆ, ಅದಾದ ಮೇಲೆ ಸ್ನಾನ. ಬ್ರಾಹ್ಮಣನಾದವನಿಗೆ ಇದನ್ನು ಒಕ್ಕಲಿಗರು ಹೇಳಿಕೊಡಬೇಕಾಯಿತು. ಮಡಿ-ಮೈಲಿಗೆಯ ಮೇಲೆ ಆಕ್ಸ್‌ಫರ್ಡಿನಲ್ಲಿ ಪ್ರಬಂಧ ಬರೆದು ಬಂದವರು ಅದೇ ವಿಷಯದಲ್ಲಿ ಹಳ್ಳಿಯ ಪರೀಕ್ಷೆಯಲ್ಲಿ ತಪ್ಪಿಬಿದ್ದದ್ದು ಬರಿಯ ತಮಾಷೆಯ ಪ್ರಸಂಗವಲ್ಲ. ಬ್ರಾಹ್ಮಣ ಹೇಗಿರಬೇಕೆಂಬುದರ ಕಾವಲನ್ನು ಹಳ್ಳಿಯಲ್ಲಿ ಯಾರು ಕಾಯುತ್ತಾರೆ ಎಂಬ ತಿಳಿವಳಿಕೆ ಅದರಿಂದ ದೊರೆಯಿತು. 1959ರಲ್ಲಿ ರಾಂಪುರದ ಪ್ರಬಲ ಜಾತಿಯನ್ನು ಕುರಿತು ಪ್ರಕಟವಾದ ಲೇಖನದ ಬೇರುಗಳು ಇಂತಹ ದಿನಗಳಲ್ಲಿಯೇ ಇವೆ.

1949ರಲ್ಲಿ ಆಕ್ಸ್‌ಫರ್ಡಿಗೆ ಮರಳಿ ಎರಡು ವರ್ಷ ಪಾಠ ಹೇಳಿದರು. ಅನಂತರ ಆ ಹುದ್ದೆಯನ್ನು ಬಿಟ್ಟು 1951ರಲ್ಲಿ ಬರೋಡದ ಹೊಸ ವಿಶ್ವವಿದ್ಯಾನಿಲಯದ ಸಮಾಜಶಾಸ್ತ್ರ ವಿಭಾಗವನ್ನು ಕಟ್ಟಲು ಬಂದರು. ಅವರು ತೆರವು ಮಾಡಿದ ಸ್ಥಾನಕ್ಕೆ ಹೋದವರು ಲೂಯಿ ದ್ಯೂಮೊ. ಜಾತಿಯನ್ನು ಕುರಿತು ಪರಸ್ಪರ ಭಿನ್ನವಾಗಿ ಯೋಚಿಸಿದ ಇಬ್ಬರು ಒಂದರ ಹಿಂದೊಂದರಂತೆ ಒಂದೇ ಕುರ್ಚಿಯಲ್ಲಿ ಕುಳಿತದ್ದು ಕುತೂಹಲಕರ. ಆಕ್ಸ್‌ಫರ್ಡಿನಂತಹ ಸ್ಥಾನವನ್ನು ಬಿಟ್ಟು ಬರುವುದು ಆ ಕಾಲದಲ್ಲಿ ಮಾತ್ರವಲ್ಲ, ಯಾವ ಕಾಲದಲ್ಲಿಯೂ ಸಾಮಾನ್ಯ ನಿರ್ಧಾರವಲ್ಲ. ಬರೋಡದಲ್ಲಿ ಪಠ್ಯಕ್ರಮ, ಗ್ರಂಥಾಲಯ, ವಿದ್ಯಾರ್ಥಿಗಳು ಎಲ್ಲವನ್ನೂ ಮೊದಲಿನಿಂದ ಹೊಂದಿಸಬೇಕಾಗಿತ್ತು. 1952ರ ಬೇಸಗೆಯಲ್ಲಿ ಮತ್ತೊಮ್ಮೆ ರಾಂಪುರಕ್ಕೆ ಹೋಗಿ ಬಂದರು. ಟಿಪ್ಪಣಿಗಳನ್ನು ವಿಷಯವಾರು ವಿಂಗಡಿಸುವ ಕೆಲಸ ಆರಂಭವಾಯಿತು. ಪುಸ್ತಕ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು.

ಈ ನಡುವೆ ಪರದೇಶದ ಪ್ರಯಾಣಗಳು ನಿಲ್ಲಲಿಲ್ಲ. 1953-54ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸೈಮನ್ ಫೆಲೋ ಆಗಿದ್ದರು. 1956-57ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಬ್ರಿಟನ್ ಮತ್ತು ಅಮೆರಿಕಗಳಲ್ಲಿದ್ದರು. ಬರ್ಕಲಿಯಲ್ಲಿದ್ದ ಆ ದಿನಗಳ ಚಿತ್ರ ಪತ್ನಿ ರುಕ್ಮಿಣಿ ಶ್ರೀನಿವಾಸ್ ಅವರು 2015ರಲ್ಲಿ ಪ್ರಕಟಿಸಿದ, ನೆನಪು ಮತ್ತು ಅಡುಗೆಗಳನ್ನು ಒಟ್ಟಿಗೆ ಹೆಣೆದ ‘ಟಿಫಿನ್’ ಎಂಬ ಪುಸ್ತಕದಲ್ಲಿ ದೊರೆಯುತ್ತದೆ. ಸಂದರ್ಶಕ ವಿದ್ವಾಂಸನ ಜೀವನಚರಿತ್ರೆಗಳು ಸಾಮಾನ್ಯವಾಗಿ ಉಪನ್ಯಾಸಗಳ ಪಟ್ಟಿ ಕೊಟ್ಟು ಸುಮ್ಮನಾಗುತ್ತವೆ. ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಒಗ್ಗರಣೆಗೆ ಏನನ್ನು ಹೊಂದಿಸಿಕೊಂಡರು, ಯಾರು ಊಟಕ್ಕೆ ಬಂದರು ಎಂಬ ಸಂಗತಿಗಳು ಬರಬೇಕಾದರೆ ಮನೆಯ ಹೆಣ್ಣುಮಗಳೇ ಬರೆಯಬೇಕಾಯಿತು. ಆ ಮನೆಯ ಅತಿಥಿಗಳಲ್ಲಿ ಒಬ್ಬರು ಆರ್. ಕೆ. ನಾರಾಯಣ್. ಮೈಸೂರಿನ ದಿನಗಳಿಂದಲೇ ಶ್ರೀನಿವಾಸರ ಸ್ನೇಹಿತರಾಗಿದ್ದ ನಾರಾಯಣ್ ಕೂಡ ಅದೇ ವೇಳೆಗೆ ರಾಕ್‌ಫೆಲರ್ ನೆರವಿನಿಂದ ಅಮೆರಿಕಕ್ಕೆ ಬಂದು, ಬರ್ಕಲಿಯ ಹೋಟೆಲೊಂದರ ಕೋಣೆಯಲ್ಲಿ ‘ದಿ ಗೈಡ್’ ಬರೆಯುತ್ತಿದ್ದರು. ಸಸ್ಯಾಹಾರಿಯಾದ ಅವರು ಕೋಣೆಯಲ್ಲಿಯೇ ಅನ್ನ ಬೇಯಿಸಿಕೊಂಡು ಮೊಸರಿನೊಡನೆ ಉಂಡು ದಿನ ಕಳೆದದ್ದನ್ನು ತಮ್ಮ ಅಮೆರಿಕ ಪ್ರವಾಸದ ದಿನಚರಿಯಲ್ಲಿ ಬರೆದಿದ್ದಾರೆ. ಮಾಲ್ಗುಡಿಯ ರಾಜು ಗೈಡನ ಕಥೆ ಕ್ಯಾಲಿಫೋರ್ನಿಯಾದಲ್ಲಿ ಬರೆಯಲ್ಪಟ್ಟು 1958ರಲ್ಲಿ ಪ್ರಕಟವಾಯಿತು. ಹದಿನಾಲ್ಕು ವರ್ಷಗಳ ಅನಂತರ ಅದೇ ಸೀಮೆಯಲ್ಲಿ, ಬರ್ಕಲಿಯಿಂದ ಕೆಲವು ಹತ್ತು ಮೈಲಿಗಳ ದೂರದಲ್ಲಿ, ರಾಂಪುರದ ಕಥೆಗೂ ಅದೇ ಗತಿ ಒದಗಿತು. ಒಬ್ಬರದು ಕಾದಂಬರಿ, ಇನ್ನೊಬ್ಬರದು ಸಮಾಜಶಾಸ್ತ್ರ. ಇಬ್ಬರ ಊರುಗಳಿಗೂ ನಕ್ಷೆಯಲ್ಲಿ ಆ ಹೆಸರುಗಳಿಲ್ಲ. ಇದು ಕಾಕತಾಳೀಯವೇ ಇರಬಹುದು. ಆದರೆ ಮೈಸೂರನ್ನು ಇಂಗ್ಲಿಷಿನಲ್ಲಿ ಬರೆಯಲು ಮೈಸೂರಿನಿಂದ ದೂರ ಹೋಗಬೇಕಾದ ಒಂದು ತಲೆಮಾರಿನ ಕಥೆಯೂ ಹೌದು. ಅದೇ ಊರಿನಲ್ಲಿ ಹುಟ್ಟಿ, 1961ರಿಂದ ಷಿಕಾಗೋದಲ್ಲಿ ನೆಲೆನಿಂತು ಕನ್ನಡ ವಚನಗಳನ್ನು ಅನುವಾದಿಸಿದ ಎ. ಕೆ. ರಾಮಾನುಜನ್ ಅವರ ಹೆಸರು ಇಲ್ಲಿ ತಾನಾಗಿಯೇ ನೆನಪಾಗುತ್ತದೆ.

1959ರಲ್ಲಿ ವಿ. ಕೆ. ಆರ್. ವಿ. ರಾವ್ ಅವರ ಒತ್ತಾಯದ ಮೇರೆಗೆ ಶ್ರೀನಿವಾಸ್ ದೆಹಲಿಗೆ ಹೋಗಿ, ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಸಮಾಜಶಾಸ್ತ್ರ ವಿಭಾಗವನ್ನು ಸ್ಥಾಪಿಸಿದರು. ಮತ್ತೆ ಪಠ್ಯಕ್ರಮ, ನೇಮಕಾತಿ, ಸಭೆ, ಸಮಿತಿ. 1963ರಲ್ಲಿ ಬರ್ಕಲಿಯಲ್ಲಿ ನೀಡಿದ ಟ್ಯಾಗೋರ್ ಸ್ಮಾರಕ ಉಪನ್ಯಾಸಗಳು 1966ರಲ್ಲಿ ‘ಸೋಶಿಯಲ್ ಚೇಂಜ್ ಇನ್ ಮಾಡರ್ನ್ ಇಂಡಿಯಾ’ ಎಂಬ ಪುಸ್ತಕವಾದವು. 1964-65ರಲ್ಲಿ ಸ್ಟ್ಯಾನ್‌ಫರ್ಡಿನ ವರ್ತನ ವಿಜ್ಞಾನಗಳ ಉನ್ನತ ಅಧ್ಯಯನ ಕೇಂದ್ರದಲ್ಲಿ ಫೆಲೋ ಆಗಿದ್ದರು. ರಾಂಪುರವನ್ನು ಕುರಿತು ಬಿಡಿ ಲೇಖನಗಳು ಬರುತ್ತಲೇ ಇದ್ದವು. ಅವುಗಳಲ್ಲಿ 1955ರ ಒಂದು ಲೇಖನದಿಂದಲೇ ಮತಬ್ಯಾಂಕು ಎಂಬ ಮಾತು ಹೊರಬಿದ್ದು, ಮೂಲ ಮರೆತುಹೋಗುವಷ್ಟು ಬಳಕೆಗೆ ಬಂತು. ಆದರೆ ಸಮಗ್ರ ಗ್ರಂಥವೊಂದು ಬರಲಿಲ್ಲ. ಇಪ್ಪತ್ತೆರಡು ವರ್ಷ ಒಂದು ಹಳ್ಳಿಯ ಟಿಪ್ಪಣಿಗಳನ್ನು ಕಾಪಾಡಿಕೊಂಡು ಬಂದ ವಿದ್ವಾಂಸ ಅದನ್ನು ಬರೆಯದೆ ಉಳಿದದ್ದಕ್ಕೆ ಸಂಸ್ಥೆಗಳನ್ನು ಕಟ್ಟುವ ಹೊಣೆ ಒಂದು ಕಾರಣ. ಸಾಮಗ್ರಿ ಹೆಚ್ಚಾದಷ್ಟೂ ಬರೆಯುವ ಕೈ ಅಳುಕುತ್ತದೆ ಎಂಬುದೂ ಇನ್ನೊಂದು ಕಾರಣವಾಗಿರಬಹುದು. ಕ್ಷೇತ್ರಕಾರ್ಯ ಮಾಡಿ ಪೆಟ್ಟಿಗೆಗಳಲ್ಲಿ ಟಿಪ್ಪಣಿ ತುಂಬಿಟ್ಟುಕೊಂಡಿರುವ ಯಾವ ಜಾನಪದ ಸಂಶೋಧಕರಿಗೂ ಈ ಅಳುಕು ಅಪರಿಚಿತವಲ್ಲ.

1970ರ ಜನವರಿಯಲ್ಲಿ ಅವರು ಎರಡನೆಯ ಬಾರಿ ಸ್ಟ್ಯಾನ್‌ಫರ್ಡಿನ ಕೇಂದ್ರಕ್ಕೆ ಹೋದದ್ದು ಈ ಸಾಲವನ್ನು ತೀರಿಸಲೆಂದೇ. ಫೋರ್ಡ್ ಪ್ರತಿಷ್ಠಾನದ ಹಣದಿಂದ 1954ರಲ್ಲಿ ಆರಂಭವಾದ ಆ ಕೇಂದ್ರ ಅಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಭಾಗವಾಗಿರಲಿಲ್ಲ. ಅದರ ಪಕ್ಕದ ಗುಡ್ಡದ ಮೇಲೆ ಸ್ವತಂತ್ರ ಸಂಸ್ಥೆಯಾಗಿ ನಡೆಯುತ್ತಿತ್ತು. ಓಕ್ ಮರಗಳ ನಡುವೆ ಮರದಿಂದ ಕಟ್ಟಿದ ತಗ್ಗು ಕಟ್ಟಡಗಳು. ಪ್ರತಿ ಫೆಲೋಗೂ ಒಂದೊಂದು ಅಧ್ಯಯನ ಕೋಣೆ. ಪಾಠವಿಲ್ಲ, ಪರೀಕ್ಷೆಯಿಲ್ಲ, ಸಭೆಯಿಲ್ಲ. ಬೆಳಿಗ್ಗೆ ಬಂದು ಬಾಗಿಲು ಮುಚ್ಚಿಕೊಂಡರೆ ಕೇಳುವವರಿಲ್ಲ. ಮಧ್ಯಾಹ್ನದ ಊಟಕ್ಕೆ ಮಾತ್ರ ಎಲ್ಲರೂ ಒಂದೆಡೆ ಸೇರುವ ರೂಢಿ. ಅರ್ಥಶಾಸ್ತ್ರಜ್ಞನ ಎದುರು ಮಾನವಶಾಸ್ತ್ರಜ್ಞ, ಮನಶ್ಶಾಸ್ತ್ರಜ್ಞನ ಪಕ್ಕದಲ್ಲಿ ತತ್ತ್ವಶಾಸ್ತ್ರಜ್ಞ ಕುಳಿತು ಮಾತನಾಡುತ್ತಿದ್ದರು. ಗೌಡರ ಎತ್ತಿನ ಮನೆಯ ಜಗಲಿಯಲ್ಲಿ ಸಿಗದಿದ್ದ ಏಕಾಂತ ಇಲ್ಲಿ ಬೇಕಾದಷ್ಟಿತ್ತು. ರಾಂಪುರದ ಟಿಪ್ಪಣಿಗಳ ಮೂರು ಪ್ರತಿಗಳನ್ನೂ ಅವರು ತಮ್ಮ ಕೋಣೆಯಲ್ಲಿಯೇ ಇರಿಸಿಕೊಂಡಿದ್ದರು. ಮೂಲ ಕ್ಷೇತ್ರ ದಿನಚರಿಗಳು ದೆಹಲಿಯಲ್ಲಿ ಉಳಿದಿದ್ದವು.

ವಿಯೆಟ್ನಾಮ್ ಯುದ್ಧದ ವಿರುದ್ಧದ ಪ್ರತಿಭಟನೆಯಿಂದ ಆ ವಸಂತದಲ್ಲಿ ಅಮೆರಿಕದ ವಿಶ್ವವಿದ್ಯಾನಿಲಯಗಳು ಕುದಿಯುತ್ತಿದ್ದವು. ಸ್ಟ್ಯಾನ್‌ಫರ್ಡಿನಲ್ಲಿಯೂ ಸೇನಾ ತರಬೇತಿ ಕಾರ್ಯಕ್ರಮವನ್ನು ವಿರೋಧಿಸಿ ಗಲಭೆಗಳಾದವು. 1970ರ ಏಪ್ರಿಲ್ 24ರಂದು ಕೇಂದ್ರದ ಕಟ್ಟಡಗಳಿಗೆ ಯಾರೋ ಬೆಂಕಿ ಹಚ್ಚಿದರು. ಶ್ರೀನಿವಾಸ್ ಅವರ ಕೋಣೆ ಪೂರ್ತಿಯಾಗಿ ಸುಟ್ಟಿತು. ಮೂರು ಪ್ರತಿಗಳಲ್ಲಿ ಒಂದನ್ನಾದರೂ ಬೇರೆ ಕಡೆ ಇಡಬಹುದಾಗಿತ್ತು ಎಂಬ ಮಾತು ಈಗ ಯಾರಿಗೂ ಹೊಳೆಯುತ್ತದೆ. ಆದರೆ ಅಂತಹ ಶಾಂತ ಗುಡ್ಡದ ಮೇಲೆ ಬೆಂಕಿಯ ಭಯ ಯಾರಿಗೆ ಬಂದೀತು? ಯುದ್ಧಕ್ಕೂ ರಾಂಪುರಕ್ಕೂ ಯಾವ ಸಂಬಂಧವೂ ಇರಲಿಲ್ಲ. ಏಷ್ಯದ ಒಂದು ರೈತಾಪಿ ದೇಶದ ಮೇಲಿನ ಯುದ್ಧವನ್ನು ಕುರಿತ ಸಿಟ್ಟಿನ ಕಾಲದಲ್ಲಿ ಏಷ್ಯದ ಇನ್ನೊಂದು ರೈತಾಪಿ ಊರಿನ ದಾಖಲೆ ಬೂದಿಯಾದದ್ದು ವಿಪರ್ಯಾಸ.

ಅದೇ ಬೆಂಕಿ ಇನ್ನೊಂದು ಗ್ರಂಥವನ್ನೂ ನುಂಗಿಬಿಡುವುದರಲ್ಲಿತ್ತು. ಆ ವರ್ಷ ಅಲ್ಲಿಯೇ ಫೆಲೋ ಆಗಿದ್ದ ತತ್ತ್ವಶಾಸ್ತ್ರಜ್ಞ ಜಾನ್ ರಾಲ್ಸ್ ತಮ್ಮ ‘ಎ ಥಿಯರಿ ಆಫ್ ಜಸ್ಟಿಸ್’ ಗ್ರಂಥದ ಬೆರಳಚ್ಚು ಪ್ರತಿಯನ್ನು ಮೇಜಿನ ಮೇಲೆ ಬಿಟ್ಟುಹೋಗಿದ್ದರು. ಅವರ ಕೋಣೆಗೆ ತಗುಲಿದ್ದು ಬೆಂಕಿ ಆರಿಸಲು ಸುರಿದ ನೀರು ಮಾತ್ರ. ತೊಯ್ದ ಹಾಳೆಗಳನ್ನು ಒಂದೊಂದಾಗಿ ಒಣಗಿಸಿ ಅವರು ಪುಸ್ತಕವನ್ನು ಉಳಿಸಿಕೊಂಡರು. ಅದು 1971ರಲ್ಲಿ ಹೊರಬಂತು. ಶ್ರೀನಿವಾಸ್ ಅವರಿಗೆ ಒಣಗಿಸಲು ಹಾಳೆಗಳೇ ಉಳಿದಿರಲಿಲ್ಲ. ಅವರಿಗಾಗ ಐವತ್ತಮೂರು ವರ್ಷ. ದೆಹಲಿಯ ದಿನಚರಿಗಳಿಂದ ಮತ್ತೆ ವಿಂಗಡಣೆ ಆರಂಭಿಸಬೇಕೆಂದರೆ ಇನ್ನೊಂದು ಆಯುಷ್ಯ ಬೇಕಾಗುತ್ತಿತ್ತು.

ಈ ಸಂದರ್ಭದಲ್ಲಿ ಒದಗಿಬಂದವರು ಷಿಕಾಗೋದ ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್. ಯಾವ ಮಾನವಶಾಸ್ತ್ರಜ್ಞನೂ ತಾನು ಸಂಗ್ರಹಿಸಿದ್ದರಲ್ಲಿ ಸಣ್ಣ ಭಾಗಕ್ಕಿಂತ ಹೆಚ್ಚನ್ನು ಎಂದೂ ಪ್ರಕಟಿಸಿದ್ದಿಲ್ಲ. ಆದ್ದರಿಂದ ನೆನಪಿನಲ್ಲಿ ಉಳಿದಿರುವುದನ್ನೇ ಬರೆಯಬೇಕು ಎಂಬುದು ಅವರ ಸಲಹೆಯ ಸಾರ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರ್ಮಾದಲ್ಲಿ ಟಿಪ್ಪಣಿಗಳನ್ನು ಕಳೆದುಕೊಂಡ ಎಡ್ಮಂಡ್ ಲೀಚ್, 1954ರಲ್ಲಿ ಕಚಿನ್ ಜನರನ್ನು ಕುರಿತು ಬರೆದ ಗ್ರಂಥ ಶಾಸ್ತ್ರದಲ್ಲಿ ಮೈಲಿಗಲ್ಲಾದ ಉದಾಹರಣೆ ಕಣ್ಣೆದುರಿಗೇ ಇತ್ತು. ಶ್ರೀನಿವಾಸ್ ಒಪ್ಪಿದರು. ಅದೇ ಕೇಂದ್ರದ ವಾಸದ ಅವಧಿಯಲ್ಲಿ ಮೊದಲ ಕರಡು ಸಿದ್ಧವಾಯಿತು. ಹದಿನೆಂಟು ವರ್ಷ ಬರೆಸಿಕೊಳ್ಳದೆ ಉಳಿದ ಪುಸ್ತಕ ತಿಂಗಳುಗಳಲ್ಲಿ ಆಕಾರ ಪಡೆಯಿತು. ಟಿಪ್ಪಣಿಗಳು ನಷ್ಟವಾದದ್ದರಿಂದಲೇ ಅದು ಸಾಧ್ಯವಾಯಿತೆಂದು ಹೇಳುವುದು ಕ್ರೂರವಾದೀತು, ಆದರೂ ಪೂರ್ತಿ ಸುಳ್ಳಾಗಲಾರದು.

ನೆನಪಿನಿಂದ ಬರೆದದ್ದು ಗ್ರಂಥದ ಚಹರೆಯನ್ನೇ ಬದಲಿಸಿತು. ಎಷ್ಟು ಮನೆ, ಎಷ್ಟು ಎಕರೆ, ಯಾರಿಗೆ ಎಷ್ಟು ಸಾಲ ಎಂಬ ಕೋಷ್ಟಕಗಳು ಹಿಂದೆ ಸರಿದವು. ಮನುಷ್ಯರು ಮುಂದೆ ಬಂದರು. ಊರ ಗೌಡರು, ನಾಡುಗೌಡ, ಕುಳ್ಳೇಗೌಡ ಎಂಬ ಮೂವರಿಗೆ ಒಂದು ಇಡೀ ಅಧ್ಯಾಯ ಮೀಸಲಾಗಿದೆ. ಕುಳ್ಳೇಗೌಡನಂತಹ ವ್ಯಕ್ತಿ, ಅವನ ಚಾಲಾಕಿತನ ಮತ್ತು ಮಾತುಗಾರಿಕೆಯೊಡನೆ, ಒಳ್ಳೆಯ ಕನ್ನಡ ಕಾದಂಬರಿಯಲ್ಲಿ ನಡೆದಾಡಿದರೂ ಅಸಹಜವೆನಿಸುತ್ತಿರಲಿಲ್ಲ. ಸಾಮಾಜಿಕ ಸಂಬಂಧಗಳ ಗುಣವನ್ನು ಕುರಿತ ಅಧ್ಯಾಯ ಕನ್ನಡದ ಅಧ್ಯಯನಕಾರರಿಗೆ ಇನ್ನೂ ಮುಖ್ಯವಾದದ್ದು. ಮುಯ್ಯಿ, ಮುಖ, ದ್ವೇಷ, ಚಾಡಿ, ಹೊಟ್ಟೆಕಿಚ್ಚು, ಹಾಸ್ಯ ಇವುಗಳ ಮೇಲೆ ಹಳ್ಳಿಯ ಬದುಕು ಹೇಗೆ ನಿಂತಿದೆ ಎಂಬುದನ್ನು ಅದು ಬಿಡಿಸಿಡುತ್ತದೆ. ಮದುವೆಯಲ್ಲಿ ಕೊಟ್ಟ ಉಡುಗೊರೆಯಿಂದ ಹಿಡಿದು ಹೊಲದ ಕೆಲಸದವರೆಗೆ ಹರಡಿಕೊಂಡ ಮುಯ್ಯಿಯನ್ನು ಪಾಶ್ಚಾತ್ಯ ಮಾನವಶಾಸ್ತ್ರದ ವಿನಿಮಯ ಸಿದ್ಧಾಂತದ ಒಂದು ಉದಾಹರಣೆಯಾಗಿಯಷ್ಟೇ ನೋಡಿದ್ದರೆ ಇಷ್ಟು ಜೀವ ಬರುತ್ತಿರಲಿಲ್ಲ. ವಿಂಗಡಿಸಿದ ಟಿಪ್ಪಣಿಗಳು ಸುಟ್ಟ ಮೇಲೆ ಶ್ರೀನಿವಾಸ್ ಅವರ ಪಾಲಿಗೆ ವಿಂಗಡಣೆಯ ಶೀರ್ಷಿಕೆಗಳಾಗಿ ಉಳಿದದ್ದು ಹಳ್ಳಿಯವರ ಬಾಯಲ್ಲಿ ಕೇಳಿದ ಕನ್ನಡ ಮಾತುಗಳೇ ಎಂಬ ಊಹೆಗೆ ಈ ಅಧ್ಯಾಯ ಎಡೆಮಾಡುತ್ತದೆ. ಇಂಗ್ಲಿಷ್ ಗದ್ಯದ ಒಳಗೆ ಕಂಬಗಳಂತೆ ನಿಂತಿರುವ ಈ ಪದಗಳನ್ನು ಭಾಷಾಧ್ಯಯನದ ದೃಷ್ಟಿಯಿಂದ ಬಿಡಿಯಾಗಿಯೇ ಪರಿಶೀಲಿಸುವ ಅಗತ್ಯವಿದೆ.

ನೆನಪು ಆಯ್ಕೆ ಮಾಡುತ್ತದೆ. ಅದರ ಆಯ್ಕೆಗೆ ಜಾತಿ, ವರ್ಗ, ಲಿಂಗಗಳ ಪಕ್ಷಪಾತ ಅಂಟಿಕೊಂಡಿರುತ್ತದೆ. ಗೌಡರ ಜಗಲಿಯ ಮೇಲೆ ಕುಳಿತ ಬ್ರಾಹ್ಮಣನಿಗೆ ಊರು ಹೇಗೆ ಕಂಡೀತೋ ಹಾಗೆಯೇ ರಾಂಪುರ ಕಂಡಿದೆ. ಹೊಲಗೇರಿಯ ಕಡೆಯಿಂದ ನೋಡಿದರೆ ಅದೇ ಪ್ರಬಲ ಜಾತಿ, ಅದೇ ನ್ಯಾಯ ಪಂಚಾಯಿತಿ, ಅದೇ ಮುಯ್ಯಿ ಬೇರೆ ರೂಪದಲ್ಲಿ ಕಾಣುತ್ತಿದ್ದವು. ಹೆಂಗಸರೊಡನೆ ಸಲೀಸಾಗಿ ಮಾತನಾಡುವ ಅವಕಾಶ ಅವಿವಾಹಿತ ಗಂಡಸಿಗೆ ಆ ಊರಿನಲ್ಲಿ ಇರಲಿಲ್ಲ; ಮನೆಯೊಳಗಿನ ಲೋಕ ಗ್ರಂಥದಲ್ಲಿ ಹೆಚ್ಚಾಗಿ ಗಂಡಸರ ಮಾತಿನ ಮೂಲಕ ಬರುತ್ತದೆ. ತಮ್ಮದು ಮೇಲುಜಾತಿಯ ನೋಟವೆಂಬುದನ್ನು ಶ್ರೀನಿವಾಸ್ ಗ್ರಂಥದಲ್ಲಿಯೇ ಒಪ್ಪಿಕೊಂಡಿದ್ದಾರೆ. ಒಪ್ಪಿಕೊಂಡ ಮಾತ್ರಕ್ಕೆ ಕೊರತೆ ತುಂಬುವುದಿಲ್ಲ. ಟಿಪ್ಪಣಿಗಳು ಉಳಿದಿದ್ದರೆ ಅವುಗಳಲ್ಲಿ ಎಲ್ಲೋ ಮೂಲೆಯಲ್ಲಿ ದಾಖಲಾಗಿದ್ದ ಬಡವರ, ದಲಿತರ, ಹೆಂಗಸರ ಸಣ್ಣ ಸಂಗತಿಗಳು ಗ್ರಂಥದೊಳಕ್ಕೆ ಬರುವ ಸಾಧ್ಯತೆಯಾದರೂ ಇರುತ್ತಿತ್ತು. ಬೆಂಕಿಯಿಂದಾದ ನಿಜವಾದ ನಷ್ಟವನ್ನು ಹುಡುಕಬೇಕಾದದ್ದು ಇಲ್ಲಿ. ಗದ್ಯದ ಸೊಗಸಿಗೆ ಮಾರುಹೋದ ವಿಮರ್ಶಕರು ಈ ಅಂಶವನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಶ್ರೀನಿವಾಸ್ 1972ರಲ್ಲಿ ದೆಹಲಿಯನ್ನು ಬಿಟ್ಟು ಬೆಂಗಳೂರಿಗೆ ಬಂದರು. ವಿ. ಕೆ. ಆರ್. ವಿ. ರಾವ್ ಅವರು ಆರಂಭಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಲ್ಲಿ ಜಂಟಿ ನಿರ್ದೇಶಕರಾದರು. ಸ್ಟ್ಯಾನ್‌ಫರ್ಡಿನ ಕರಡು ತಿದ್ದುಪಡಿಗಳನ್ನು ಕಂಡು, 1976ರಲ್ಲಿ ಸೋಲ್ ಟ್ಯಾಕ್ಸ್ ಅವರ ಮುನ್ನುಡಿಯೊಡನೆ ಪ್ರಕಟವಾಯಿತು. ಅದೇ ವರ್ಷ ಲಂಡನ್ನಿನ ರಾಯಲ್ ಆಂತ್ರೊಪಾಲಜಿಕಲ್ ಇನ್‌ಸ್ಟಿಟ್ಯೂಟಿನ ಹಕ್ಸ್‌ಲಿ ಪದಕವೂ, ಮರುವರ್ಷ ಭಾರತ ಸರ್ಕಾರದ ಪದ್ಮಭೂಷಣವೂ ಬಂದವು. 1978ರಲ್ಲಿ ‘ಕಾಂಟ್ರಿಬ್ಯೂಷನ್ಸ್ ಟು ಇಂಡಿಯನ್ ಸೋಶಿಯಾಲಜಿ’ ಪತ್ರಿಕೆ ಈ ಒಂದೇ ಪುಸ್ತಕದ ಚರ್ಚೆಗೆ ವಿಶೇಷ ಸಂಚಿಕೆಯನ್ನು ಮೀಸಲಿಟ್ಟಿತು. ಕೊನೆಯ ವರ್ಷಗಳಲ್ಲಿ ಅವರು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿದ್ದರು. ಹಳ್ಳಿಯ ಉತ್ಪಾದನಾ ಸಂಬಂಧಗಳು ಮುರಿದುಬೀಳುತ್ತಿರುವುದರಿಂದ ಜಾತಿಯು ಒಂದು ವ್ಯವಸ್ಥೆಯಾಗಿ ಅಳಿಯುತ್ತಿದೆ ಎಂಬ ವಾದವನ್ನು ಮಂಡಿಸುವ ಬರಹ ಅವರ ಕೊನೆಯ ಕೃತಿಗಳಲ್ಲೊಂದು. 1999ರ ನವೆಂಬರ್ 30ರಂದು ಬೆಂಗಳೂರಿನಲ್ಲಿ ಅವರು ನಿಧನರಾದರು. ಆ ಬರಹ ಅಚ್ಚಾದದ್ದು 2003ರಲ್ಲಿ.